ಕ್ಯಾನನ್ ಇಒಎಸ್ ಆರ್50: ಯಾರಿಗೆ ಸಾಕು, ಯಾರಿಗೆ ಸಾಲದು

ಕೈಯಲ್ಲಿರುವ ಫೋನಿನಲ್ಲೇ ಒಳ್ಳೆಯ ಚಿತ್ರಗಳು ಬರುತ್ತಿರುವಾಗ ಅರ್ಧ ಲಕ್ಷಕ್ಕೂ ಹೆಚ್ಚು ಹಣ ಕೊಟ್ಟು ಬೇರೊಂದು ಕ್ಯಾಮೆರಾ ಕೊಳ್ಳಲು ಹೊರಡುವವರಿಗೆ ಸಾಮಾನ್ಯವಾಗಿ ಒಂದು ಖಚಿತವಾದ ಕಾರಣ ಇರುತ್ತದೆ. ಮಗಳ ರಂಗಪ್ರವೇಶದ ಚಿತ್ರಗಳು ಮಸುಕಾಗಿ ಬಂದಿರುತ್ತವೆ, ಊರಿನ ಯಕ್ಷಗಾನದಲ್ಲಿ ವೇಷದ ಮುಖ ಬಿಳಿಯ ಚುಕ್ಕೆಯಾಗಿರುತ್ತದೆ, ಅಥವಾ ಆಲದ ಮರದ ತುದಿಯಲ್ಲಿ ಕುಳಿತ ಮಂಗಟ್ಟೆ ಹಕ್ಕಿ ಗುರುತೇ ಸಿಗದಷ್ಟು ಚಿಕ್ಕದಾಗಿರುತ್ತದೆ. ಫೋನು ಎಲ್ಲಿ ಕೈಕೊಟ್ಟಿತು ಎಂಬುದು ಕೊಳ್ಳುವವರಿಗೆ ಚೆನ್ನಾಗಿಯೇ ಗೊತ್ತು. ಅಂಗಡಿಯ ಗಾಜಿನ ಮೇಜಿನ ಮುಂದೆ ನಿಂತಾಗ ಮಾತ್ರ ಆ ಕಾರಣ ಹಿಂದೆ ಸರಿದು, ಮಾತೆಲ್ಲ ಮೆಗಾಪಿಕ್ಸೆಲ್, 4ಕೆ ಮತ್ತು ಹಬ್ಬದ ರಿಯಾಯಿತಿಯ ಸುತ್ತ ತಿರುಗತೊಡಗುತ್ತದೆ. ಮೊದಲ ಸಲ ಕೊಳ್ಳುವವರ ಮುಂದೆ ಅಂಗಡಿಯವರು ತಂದಿಡುವ ಕ್ಯಾಮೆರಾಗಳಲ್ಲಿ ಕ್ಯಾನನ್ ಇಒಎಸ್ ಆರ್50 ಒಂದು. ಅದನ್ನು ಬಳಸಿದ ಅನುಭವದಿಂದ, ಮೇಲೆ ಹೇಳಿದಂಥ ಅಗತ್ಯಗಳಲ್ಲಿ ಯಾವುದಕ್ಕೆ ಅದು ಒದಗುತ್ತದೆ, ಯಾವುದಕ್ಕೆ ಒದಗುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

2023ರ ಫೆಬ್ರುವರಿಯಲ್ಲಿ ಪ್ರಕಟವಾದ ಈ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದಲ್ಲಿ 24.2 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಬಗೆಯ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಇದೆ. ಅದರ ಅಳತೆ 22.3 × 14.9 ಮಿ.ಮೀ. ಬ್ಯಾಟರಿ ಮತ್ತು ಕಾರ್ಡ್ ಸೇರಿ ಬಾಡಿಯ, ಅಂದರೆ ಲೆನ್ಸು ಬಿಟ್ಟು ಕ್ಯಾಮೆರಾದ, ತೂಕ 375 ಗ್ರಾಂ. ಜೊತೆಗೆ ಬರುವ 18-45 ಮಿ.ಮೀ. ಕಿಟ್ ಲೆನ್ಸ್ 130 ಗ್ರಾಂ. ಎರಡೂ ಸೇರಿ ಅರ್ಧ ಕಿಲೋ ಆಸುಪಾಸಿನ ಈ ವಸ್ತುವನ್ನು ದಿನವಿಡೀ ಕೊರಳಿಗೆ ಹಾಕಿಕೊಂಡರೂ ಭಾರವೆನಿಸುವುದಿಲ್ಲ. ಹಿಂಬದಿಯ ಪರದೆ ಎತ್ತ ಬೇಕಾದರೂ ತಿರುಗುತ್ತದೆ, ಮುಟ್ಟಿದರೆ ಸ್ಪಂದಿಸುತ್ತದೆ. ಕಣ್ಣಿಟ್ಟು ನೋಡಲು ಎಲೆಕ್ಟ್ರಾನಿಕ್ ವ್ಯೂಫೈಂಡರ್, ಮೇಲೆದ್ದು ನಿಲ್ಲುವ ಪುಟ್ಟ ಫ್ಲ್ಯಾಶ್, ಒಂದೇ ಒಂದು ಎಸ್‌ಡಿ ಕಾರ್ಡಿನ ಜಾಗ. ಬಾಡಿಯೊಳಗೆ ಕೈನಡುಕವನ್ನು ತಡೆಯುವ ವ್ಯವಸ್ಥೆ ಇಲ್ಲ; ಅದು ಬೇಕೆಂದರೆ ಲೆನ್ಸಿನಲ್ಲಿ ಇರಬೇಕು. ಕಿಟ್ ಲೆನ್ಸಿನಲ್ಲಿ ಅದು ಇದೆ.

ಮೆಗಾಪಿಕ್ಸೆಲ್ ವಿಚಾರವನ್ನು ಇಲ್ಲಿಗೇ ಮುಗಿಸಬಹುದು. 24 ಮೆಗಾಪಿಕ್ಸೆಲ್ ಎಂದರೆ 6000 × 4000 ಚುಕ್ಕೆಗಳು. ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ 20 × 13 ಇಂಚಿನ ಮುದ್ರಣಕ್ಕೆ ಇಷ್ಟು ಸಾಕು. ಎ4 ಅಳತೆಗೆ 9 ಮೆಗಾಪಿಕ್ಸೆಲ್ ಇದ್ದರೂ ನಡೆಯುತ್ತದೆ. ಗೋಡೆಯಷ್ಟು ದೊಡ್ಡದಾಗಿ ಮುದ್ರಿಸುವವರ ಸಂಖ್ಯೆ ಎಷ್ಟಿದ್ದೀತು?

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ. ನೀವು ತೆಗೆಯುವ ವಸ್ತುವಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ, ಮತ್ತು ಅದು ನಿಮ್ಮಿಂದ ಎಷ್ಟು ದೂರದಲ್ಲಿರುತ್ತದೆ? ಹಗಲಿನ ಬೆಳಕು, ಹತ್ತಿರದ ವಸ್ತು ಎಂಬುದು ಉತ್ತರವಾದರೆ ಹೊಸ ಕ್ಯಾಮೆರಾದ ಅಗತ್ಯವೇ ಇಲ್ಲ ಎಂದು ನನಗೆ ಅನಿಸುತ್ತದೆ. ಹಂಪಿಯ ಕಲ್ಲಿನ ರಥ, ಮನೆಯ ಮುಂದಿನ ರಂಗೋಲಿ, ನಾಮಕರಣದ ದಿನ ಅಂಗಳದಲ್ಲಿ ನಿಂತ ನೆಂಟರಿಷ್ಟರು, ಇವೆಲ್ಲಕ್ಕೂ ಒಳ್ಳೆಯ ಫೋನು ಸಾಲುತ್ತದೆ. ಕಿಟ್ ಲೆನ್ಸ್ ಹಾಕಿದ ಆರ್50ಯಿಂದ ಇವೇ ಚಿತ್ರಗಳನ್ನು ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ನೋಡುವವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಫೋನಿನ ತಂತ್ರಾಂಶವು ಆಕಾಶ ಮತ್ತು ನೆರಳು ಎರಡನ್ನೂ ತಾನೇ ಹದಗೊಳಿಸಿಕೊಡುವುದರಿಂದ, ಕಲಿಯುವ ಆಸಕ್ತಿಯಿಲ್ಲದವರಿಗೆ ಫೋನಿನ ಚಿತ್ರವೇ ಚೆಂದ ಕಂಡರೂ ಆಶ್ಚರ್ಯವಿಲ್ಲ. ಬೆಳಕು ಕಡಿಮೆಯಾದಾಗ ಅಥವಾ ದೂರ ಹೆಚ್ಚಾದಾಗ ಮಾತ್ರ ದೊಡ್ಡ ಸೆನ್ಸರ್ ಮತ್ತು ಬದಲಾಯಿಸಬಹುದಾದ ಲೆನ್ಸುಗಳ ನಿಜವಾದ ಪ್ರಯೋಜನ ತಿಳಿಯುತ್ತದೆ.

ಕಡಿಮೆ ಬೆಳಕಿಗೆ ಯಕ್ಷಗಾನಕ್ಕಿಂತ ಒಳ್ಳೆಯ ಪರೀಕ್ಷೆ ನಮ್ಮ ಕಡೆ ಸಿಗುವುದಿಲ್ಲ. ನಮ್ಮ ಕಣ್ಣಿಗೆ ರಂಗಸ್ಥಳ ಝಗಝಗಿಸುವಂತೆ ಕಂಡರೂ ಕ್ಯಾಮೆರಾದ ಲೆಕ್ಕದಲ್ಲಿ ಅಲ್ಲಿನ ಬೆಳಕು ಬಡ ಬೆಳಕೇ. ಅದರ ಮೇಲೆ ವೇಷಧಾರಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಅರ್ಥ ಹೇಳುತ್ತ ನಿಂತಿರುವಾಗ ಸೆಕೆಂಡಿನ ನೂರನೆಯ ಒಂದು ಭಾಗದ ಶಟರ್ ವೇಗ ಸಾಕಾದರೆ, ಧಿಗಿಣ ಹಾರುವಾಗ ಐನೂರನೆಯ ಒಂದು ಭಾಗಕ್ಕಿಂತ ನಿಧಾನವಾದರೆ ಗೆಜ್ಜೆ ಕಟ್ಟಿದ ಕಾಲುಗಳು ಕಲಸಿಹೋಗುತ್ತವೆ. ಇಂಥ ಕಡೆ ಆರ್50ಯ ಕಿಟ್ ಲೆನ್ಸ್ ಪೂರ್ತಿಯಾಗಿ ಸೋಲುತ್ತದೆ. 45 ಮಿ.ಮೀ.ಗೆ ಝೂಮ್ ಮಾಡಿದಾಗ ಅದರ ಅತಿ ದೊಡ್ಡ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/6.3. ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನೊಳಗೆ ಬರುವ ಬೆಳಕು ಹೆಚ್ಚು. ಕ್ಯಾನನ್ನಿನದೇ ಆರ್‌ಎಫ್ (ಇದರ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೊಂದುವ ಲೆನ್ಸಿನ ಸಾಲು) 50 ಮಿ.ಮೀ. ಎಫ್/1.8 ಲೆನ್ಸು ಇದಕ್ಕಿಂತ ಸುಮಾರು 12 ಪಟ್ಟು ಬೆಳಕನ್ನು ಒಳಬಿಡುತ್ತದೆ. ಅಂದರೆ ಕಿಟ್ ಲೆನ್ಸಿನಲ್ಲಿ ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 12800ಕ್ಕೆ ಏರಿಸಿ, ಮುಖದ ಬಣ್ಣಗಾರಿಕೆಯೆಲ್ಲ ಮರಳುಮರಳಾಗಿ ಕಾಣುವ ಚಿತ್ರ ಪಡೆಯಬೇಕಾದ ಕಡೆ, ಈ ಲೆನ್ಸಿನಲ್ಲಿ ಐಎಸ್‌ಒ 1000ದಲ್ಲೇ ಕೆಲಸ ಮುಗಿಯುತ್ತದೆ. ಬಾಡಿ ಅದೇ, ಸೆನ್ಸರ್ ಅದೇ. ಬೇರೆಯಾದದ್ದು 160 ಗ್ರಾಂ ತೂಕದ, ಕ್ಯಾನನ್ನಿನ ಆರ್‌ಎಫ್ ಸಾಲಿನಲ್ಲಿ ಅಗ್ಗದವುಗಳಲ್ಲೊಂದಾದ ಒಂದು ಲೆನ್ಸು.

ಆ ಲೆನ್ಸಿಗೆ ಝೂಮ್ ಇಲ್ಲ ಎಂಬುದು ಹೊಸಬರ ಮೊದಲ ಆಕ್ಷೇಪಣೆ. ಎಲ್ಲಿ ಕೂರಬೇಕೆಂದು ಮೊದಲೇ ತೀರ್ಮಾನಿಸಿದರೆ ಅದು ದೊಡ್ಡ ತೊಂದರೆಯಲ್ಲ. ಆರ್50ಯನ್ನು ಚೌಕಟ್ಟು ಉದ್ದುದ್ದವಾಗುವಂತೆ ತಿರುಗಿಸಿ ಹಿಡಿದು 50 ಮಿ.ಮೀ. ಲೆನ್ಸಿನಲ್ಲಿ ನೋಡಿದರೆ 5 ಮೀಟರ್ ದೂರದಲ್ಲಿ ಸುಮಾರು 2.2 ಮೀಟರ್ ಎತ್ತರ ಚೌಕಟ್ಟಿನೊಳಗೆ ಸಿಗುತ್ತದೆ. ಕಿರೀಟ ಸಮೇತ ಒಂದು ಪೂರ್ಣ ವೇಷಕ್ಕೆ ಇದು ಹೇಳಿಮಾಡಿಸಿದ ಅಳತೆ. ಆದ್ದರಿಂದ ಮುಂದಿನ ಸಾಲಿನಲ್ಲಿ, ರಂಗಸ್ಥಳದ ಒಂದು ಮೂಲೆಗೆ ಕೂತವರಿಗೆ 50 ಮಿ.ಮೀ. ಒದಗುತ್ತದೆ, ಹತ್ತು ಮೀಟರ್ ಹಿಂದೆ ಕೂರುವವರು 85 ಮಿ.ಮೀ. ಕಡೆಗೆ ನೋಡಬೇಕು. ಚೌಕಿಯೊಳಗೆ ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರ ಚಿತ್ರ ತೆಗೆಯುವ ಆಸೆಯಿದ್ದರೆ ಮಾತ್ರ 50 ಮಿ.ಮೀ. ಇಕ್ಕಟ್ಟೆನಿಸುತ್ತದೆ, ಅಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ. (ಕೇಳದೆ ಚೌಕಿಗೆ ನುಗ್ಗುವ ಕ್ಯಾಮೆರಾದವರ ಬಗ್ಗೆ ಕಲಾವಿದರಿಗೆ ಇರುವ ಅಸಮಾಧಾನಕ್ಕೆ ಯಾವ ಲೆನ್ಸೂ ಮದ್ದಲ್ಲ.)

ರಂಗದ ಬೆಳಕಿನಲ್ಲಿ ಇನ್ನೊಂದು ತೊಡಕಿದೆ. ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅದರಿಂದ ಉರಿಯುವ ಟ್ಯೂಬ್‌ಲೈಟುಗಳೂ ಅಗ್ಗದ ಎಲ್ಇಡಿಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳಾಗಿ ಮೂಡುತ್ತದೆ. ಆರ್50ಯಲ್ಲಿ ಸಂಪೂರ್ಣ ಯಾಂತ್ರಿಕ ಶಟರ್ ಇಲ್ಲ. ಶಟರಿನ ಎರಡು ತೆರೆಗಳಲ್ಲಿ ಮೊದಲನೆಯದಷ್ಟೇ ಎಲೆಕ್ಟ್ರಾನಿಕ್ ಆಗಿರುವ ಬಗೆಯೊಂದು, ಪೂರ್ತಿ ಎಲೆಕ್ಟ್ರಾನಿಕ್ ಆಗಿರುವ ನಿಶ್ಶಬ್ದ ಬಗೆಯೊಂದು. ಎರಡನೆಯದರಲ್ಲಿ ಸದ್ದಾಗುವುದಿಲ್ಲ, ಸೆಕೆಂಡಿಗೆ 15 ಚಿತ್ರ ಬರುತ್ತದೆ ಎಂದು ರಂಗದ ಮುಂದೆ ಅದನ್ನೇ ಬಳಸಿದರೆ ಪಟ್ಟಿಗಳ ಕಾಟ ತಪ್ಪದು. ಮೊದಲ ಬಗೆಯನ್ನೇ ಇಟ್ಟುಕೊಂಡು, ಮೆನುವಿನಲ್ಲಿರುವ ಮಿನುಗು ತಡೆಯುವ ಆಯ್ಕೆಯನ್ನು ಚಾಲೂ ಮಾಡುವುದು ಸರಿಯಾದ ದಾರಿ. ಆಗ ಬೆಳಕು ಗರಿಷ್ಠವಾಗಿರುವ ಕ್ಷಣಕ್ಕೆ ಕಾದು ಶಟರ್ ತೆರೆಯುತ್ತದೆ. ಆ ಬಗೆಯಲ್ಲೂ ಸೆಕೆಂಡಿಗೆ 12 ಚಿತ್ರಗಳವರೆಗೆ ಬರುವುದರಿಂದ ಧಿಗಿಣ ಹಿಡಿಯಲು ವೇಗದ ಕೊರತೆಯೇನೂ ಆಗದು. ಕೊರತೆಯಾಗುವುದು ಬಫರಿನಲ್ಲಿ, ಅಂದರೆ ಚಿತ್ರಗಳು ಕಾರ್ಡಿಗೆ ಹೋಗುವ ಮೊದಲು ತಂಗುವ ಜಾಗದಲ್ಲಿ. ರಾ (ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಇಡುವ) ಕಡತಗಳಲ್ಲಿ ತೆಗೆಯುತ್ತ ಶಟರ್ ಒತ್ತಿ ಹಿಡಿದರೆ ಒಂದು ಸೆಕೆಂಡಿನೊಳಗೇ ಅದು ತುಂಬಿ, ಕ್ಯಾಮೆರಾ ತಡವರಿಸತೊಡಗುತ್ತದೆ. ಜೆಪೆಗ್‌ನಲ್ಲಿ ಈ ತೊಂದರೆ ಕಡಿಮೆ. ಆದರೆ ಎಲ್ಇಡಿಯ ಕೆಳಗೆ ಕಡುಗೆಂಪು ವಸ್ತ್ರಗಳ ಮಡಿಕೆಗಳು ಮಾಯವಾಗಿ ಬರಿಯ ಕೆಂಪು ಹಾಳೆಯಂತೆ ಕಾಣುವುದನ್ನು ಆಮೇಲೆ ಸರಿಪಡಿಸಲು ರಾ ಇದ್ದರೇ ಅನುಕೂಲ. ಚಿತ್ರ ಚೂರು ಕತ್ತಲಾಗಿಯೇ ಬರುವಂತೆ ಇಟ್ಟುಕೊಂಡು, ಹಿಡಿದೊತ್ತುವ ಬದಲು ಚಂಡೆಯ ನಡೆ ಕೇಳುತ್ತ ಒಂದೆರಡು ಚಿತ್ರ ತೆಗೆಯುವುದೇ ಈ ಕ್ಯಾಮೆರಾಕ್ಕೆ ಹೊಂದುವ ರೀತಿ.

ಫೋಕಸ್ ವಿಷಯದಲ್ಲಿ ದೂರಲು ಹೆಚ್ಚೇನಿಲ್ಲ. ಮನುಷ್ಯರ ಕಣ್ಣು, ಪ್ರಾಣಿ ಪಕ್ಷಿಗಳು, ವಾಹನಗಳು ಎಲ್ಲವನ್ನೂ ತಾನೇ ಗುರುತಿಸಿ ಹಿಂಬಾಲಿಸುವ ವ್ಯವಸ್ಥೆಯನ್ನು ಕ್ಯಾನನ್ ತನ್ನ ದುಬಾರಿ ಕ್ಯಾಮೆರಾಗಳಿಂದ ಇಳಿಸಿ ಇದರಲ್ಲಿ ಇಟ್ಟಿದೆ. ಕೆಲವೇ ವರ್ಷಗಳ ಹಿಂದೆ ಇದೇ ದರ್ಜೆಯ ಡಿಎಸ್ಎಲ್ಆರ್‌ಗಳಲ್ಲಿ (ಒಳಗೆ ಕನ್ನಡಿಯಿರುವ ಹಳೆಯ ಬಗೆಯ ಕ್ಯಾಮೆರಾಗಳಲ್ಲಿ) ಹೀಗೊಂದು ಅನುಕೂಲವನ್ನು ಊಹಿಸುವಂತೆಯೂ ಇರಲಿಲ್ಲ. ಸ್ತ್ರೀವೇಷ, ಪುಂಡುವೇಷಗಳ ಮುಖಗಳನ್ನು ಅದು ತಡವಿಲ್ಲದೆ ಹಿಡಿಯುತ್ತದೆ. ಮುಖದ ತುಂಬ ಚಿಟ್ಟಿ (ಬಿಳಿಯ ಉಬ್ಬು ಚುಕ್ಕೆ) ಇಟ್ಟ ಬಣ್ಣದ ವೇಷ ಬಂದಾಗ ಮಾತ್ರ ಕೆಲವೊಮ್ಮೆ ಮುಖವೆಂದು ಒಪ್ಪದೆ ಹಿಂದಿರುವ ಭಾಗವತರ ಕಡೆ ಜಾರುತ್ತದೆ. ಆಗ ಪರದೆಯನ್ನು ಬೆರಳಿನಿಂದ ಮುಟ್ಟಿ ಜಾಗ ತೋರಿಸಬೇಕಾಗುತ್ತದೆ, ಏಕೆಂದರೆ ಫೋಕಸ್ ಬಿಂದುವನ್ನು ಸರಿಸುವ ಪುಟ್ಟ ಜಾಯ್‌ಸ್ಟಿಕ್ ಇದರಲ್ಲಿಲ್ಲ. ತಿರುಗಿಸುವ ಡಯಲ್ ಕೂಡ ಒಂದೇ. ಶಟರ್ ಮತ್ತು ಅಪರ್ಚರ್ ಎರಡನ್ನೂ ತಾವೇ ನಿಯಂತ್ರಿಸಲು ಇಷ್ಟಪಡುವವರು ಪ್ರತಿ ಸಲವೂ ಇನ್ನೊಂದು ಗುಂಡಿ ಒತ್ತುತ್ತಿರಬೇಕು. ಹಿಡಿಕೆಯೂ ಚಿಕ್ಕದು, ಅಗಲ ಕೈಯವರ ಕಿರುಬೆರಳಿಗೆ ಜಾಗವಿಲ್ಲ.

ಇನ್ನು ದೂರದ ಪ್ರಶ್ನೆ. ಎರಡು ಲೆನ್ಸುಗಳ ಪೆಟ್ಟಿಗೆ ಕೊಂಡರೆ 18-45ರ ಜೊತೆಗೆ 55-210 ಮಿ.ಮೀ. ಲೆನ್ಸು ಬರುತ್ತದೆ. ಸೆನ್ಸರ್ 35 ಮಿ.ಮೀ. ಫಿಲ್ಮಿಗಿಂತ ಚಿಕ್ಕದಾದ್ದರಿಂದ 210 ಮಿ.ಮೀ. ಎಂಬುದು ಆ ಫಿಲ್ಮಿನ ಲೆಕ್ಕದಲ್ಲಿ 336 ಮಿ.ಮೀ.ನಷ್ಟು ಹತ್ತಿರ ತೋರಿಸುತ್ತದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿಯು ಹಕ್ಕಿಗಳ ಗೂಡಿರುವ ನಡುಗಡ್ಡೆಗಳ ಹತ್ತಿರವೇ ಸಾಗುವುದರಿಂದ ಅಲ್ಲಿ ಇದು ಧಾರಾಳವಾಗಿ ಸಾಕು. ಒಂದು ಮೀಟರಿನಷ್ಟು ಎತ್ತರದ ಬಣ್ಣದ ಕೊಕ್ಕರೆ 20 ಮೀಟರ್ ದೂರದಲ್ಲಿದ್ದರೂ ಚೌಕಟ್ಟಿನ ಅರ್ಧದಷ್ಟನ್ನು ತುಂಬುತ್ತದೆ. ಹುಟ್ಟು ಹಾಕುವ ದೋಣಿಯ ಓಲಾಟದಲ್ಲಿ ಹಗುರ ಕ್ಯಾಮೆರಾ ಹಿಡಿಯುವುದು ಸುಲಭವೂ ಹೌದು. ಅದೇ 20 ಮೀಟರ್ ದೂರದಲ್ಲಿ ಕುಳಿತ 28 ಸೆಂ.ಮೀ. ಉದ್ದದ ಗದ್ದೆಮಿಂಚುಳ್ಳಿಗೆ ಈ ಲೆನ್ಸು ಹಿಡಿದರೆ ಅದು ಚೌಕಟ್ಟಿನ ಅಗಲದ ಎಂಟನೆಯ ಒಂದು ಭಾಗವನ್ನಷ್ಟೇ ತುಂಬುತ್ತದೆ. ದಾಂಡೇಲಿಯ ಎತ್ತರದ ಮರಗಳಲ್ಲಿ ಹಣ್ಣು ತಿನ್ನುವ ಮಂಗಟ್ಟೆಗಳು, ಕಬಿನಿಯ ಹಿನ್ನೀರಿನ ಆಚೆ ದಡದ ಆನೆಗಳು ಇದರ ಅಳವಿಗೆ ಮೀರಿದವು.

ಹಕ್ಕಿಗಳೇ ಮುಖ್ಯ ಎನ್ನುವವರು ಎರಡು ಲೆನ್ಸುಗಳ ಪೆಟ್ಟಿಗೆಯನ್ನು ಬಿಟ್ಟು ಆರ್‌ಎಫ್ 100-400 ಮಿ.ಮೀ. ಲೆನ್ಸಿಗೆ ಹಣ ಕೂಡಿಡುವುದು ಮೇಲು. 635 ಗ್ರಾಂ ತೂಕದ ಆ ಲೆನ್ಸು ಆರ್50ಯಲ್ಲಿ 640 ಮಿ.ಮೀ.ನಷ್ಟು ಹತ್ತಿರ ತರುತ್ತದೆ, ಕೈಯಲ್ಲಿ ಹಿಡಿದೇ ತೆಗೆಯಬಹುದು. ತುದಿಯಲ್ಲಿ ಅದರ ಅಪರ್ಚರ್ ಎಫ್/8ಕ್ಕೆ ಕುಗ್ಗುವುದರಿಂದ ಮಲೆನಾಡಿನ ದಟ್ಟ ಕಾಡಿನೊಳಗೆ, ಅದರಲ್ಲೂ ಬೆಳಗಿನ ಸಫಾರಿಯಲ್ಲಿ, ಪರದಾಟ ಖಂಡಿತ. ಬಯಲುಸೀಮೆಯ ಕೆರೆಗಳಲ್ಲಿ ಅದೇ ಲೆನ್ಸು ಬಹಳ ಒಳ್ಳೆಯ ಚಿತ್ರ ಕೊಡುತ್ತದೆ. ಇಷ್ಟೆಲ್ಲ ಖರ್ಚು ಬೇಡ, ಲೆನ್ಸು ಬದಲಿಸುವ ರಗಳೆಯೂ ಬೇಡ, ಹಕ್ಕಿಯ ಗುರುತು ಹಿಡಿದು ಪಟ್ಟಿ ಮಾಡಿಕೊಳ್ಳಲು ಸ್ಪಷ್ಟವಾದ ಚಿತ್ರ ಸಿಕ್ಕರೆ ಸಾಕು ಎನ್ನುವವರಿಗೆ ನಿಕಾನ್ ಕೂಲ್‌ಪಿಕ್ಸ್ ಪಿ950 ಬೇರೆಯದೇ ಉತ್ತರ ಕೊಡುತ್ತದೆ. ಅದರ ಕಳಚಲಾಗದ ಒಂದೇ ಲೆನ್ಸು 24ರಿಂದ 2000 ಮಿ.ಮೀ.ಗೆ ಸಮನಾದ ವ್ಯಾಪ್ತಿಯದು, ಅಂದರೆ 83 ಪಟ್ಟು ಝೂಮ್. ಆದರೆ ಅದರ ಸೆನ್ಸರಿನ ವಿಸ್ತೀರ್ಣ ಆರ್50ಯದರ ಹನ್ನೆರಡನೆಯ ಒಂದು ಭಾಗ ಮಾತ್ರ. ಬಿಸಿಲಿರುವಾಗ ಅದರ ಮುಂದೆ ಆರ್50 ಮತ್ತು 55-210ರ ಜೋಡಿ ನಾಚಬೇಕು; ಸಂಜೆಯಾದೊಡನೆ ಆ ಕ್ಯಾಮೆರಾ ಸುಸ್ತಾಗುತ್ತದೆ. ಅದನ್ನು ಯಕ್ಷಗಾನಕ್ಕೆ ಒಯ್ಯುವ ಯೋಚನೆಯೇ ಬೇಡ. ನಮ್ಮ ಕೆಲವು ಅಭಯಾರಣ್ಯಗಳಲ್ಲಿ ಲೆನ್ಸಿನ ಉದ್ದವನ್ನು ನೋಡಿ ಕ್ಯಾಮೆರಾ ಶುಲ್ಕ ವಿಧಿಸುವ ಪದ್ಧತಿಯಿದೆ ಎಂಬುದನ್ನೂ ಉದ್ದದ ಲೆನ್ಸು ಕೊಳ್ಳುವವರು ನೆನಪಿಡಬೇಕು.

ವಿಡಿಯೊ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಡುಗೆ, ಪ್ರವಾಸ, ಪಾಠ ಇಂಥ ಸಣ್ಣ ವಿಡಿಯೊ ಮಾಡುವವರಿಗೆ ಆರ್50 ಬಹಳ ಸಮಾಧಾನ ಕೊಡುತ್ತದೆ. 4ಕೆ ಚಿತ್ರಿಕೆ ಸೆನ್ಸರಿನ ಪೂರ್ತಿ ಅಗಲದಿಂದ ಬರುತ್ತದೆ, ಮೈಕ್ ಜೋಡಿಸುವ ಕಿಂಡಿಯಿದೆ, ಹೆಡ್‌ಫೋನಿಗೆ ಮಾತ್ರ ಇಲ್ಲ. ಮೊದಲು ಮೆನುವಿಗೆ ಹೋಗಿ ವಿಡಿಯೊ ಪದ್ಧತಿಯಾಗಿ ಎನ್‌ಟಿಎಸ್‌ಸಿ ಬದಲು ಪಾಲ್ ಆರಿಸಿ, ಸೆಕೆಂಡಿಗೆ 25 ಚೌಕಟ್ಟು, ಶಟರ್ ಐವತ್ತನೆಯ ಒಂದು ಭಾಗ ಎಂದು ಇಟ್ಟುಕೊಂಡರೆ ಮನೆಯ ಟ್ಯೂಬ್‌ಲೈಟಿನ ಮಿನುಗೂ ಕಾಡುವುದಿಲ್ಲ. ಒಂದು ಸಲಕ್ಕೆ ಹೆಚ್ಚೆಂದರೆ ಒಂದು ಗಂಟೆಯಷ್ಟೇ ಅದು ಚಿತ್ರೀಕರಿಸುವುದರಿಂದ, ಇಡೀ ಪ್ರಸಂಗವನ್ನೋ ಮೂರು ಗಂಟೆಯ ಕಛೇರಿಯನ್ನೋ ಎಡೆಬಿಡದೆ ದಾಖಲಿಸುವ ಉದ್ದೇಶವಿದ್ದರೆ ಇದು ಆ ಕೆಲಸದ ಕ್ಯಾಮೆರಾ ಅಲ್ಲ.

ಇದರ ಅಕ್ಕಪಕ್ಕದಲ್ಲಿ ಸಿಗುವವುಗಳನ್ನೂ ನೋಡಿಯೇ ತೀರ್ಮಾನಿಸಬೇಕು. ಇದಕ್ಕಿಂತ ಅಗ್ಗದ ಆರ್100ದಲ್ಲಿ ಪರದೆ ತಿರುಗುವುದಿಲ್ಲ, ಮುಟ್ಟಿದರೆ ಸ್ಪಂದಿಸುವುದೂ ಇಲ್ಲ. ಫೋನಿಗೆ ಒಗ್ಗಿದ ಬೆರಳುಗಳಿಗೆ ಅದು ಹಿಂಸೆ. ಉಳಿಯುವ ಹಣಕ್ಕೆ ಆ ಬೆಲೆ ತೆರುವುದು ನನಗೆ ಸರಿಕಾಣಲಿಲ್ಲ. ಒಂದು ಮೆಟ್ಟಿಲು ಮೇಲಿರುವ ಆರ್10ರಲ್ಲಿ ಇದೇ ದರ್ಜೆಯ 24.2 ಮೆಗಾಪಿಕ್ಸೆಲ್ ಸೆನ್ಸರಿನ ಜೊತೆಗೆ ಎರಡು ಡಯಲ್, ಜಾಯ್‌ಸ್ಟಿಕ್, ಯಾಂತ್ರಿಕ ಶಟರಿನಲ್ಲೇ ಸೆಕೆಂಡಿಗೆ 15 ಚಿತ್ರಗಳ ವೇಗ ಇವೆ. ರಂಗಭೂಮಿ, ಕ್ರೀಡೆ, ಹಕ್ಕಿ ಇವುಗಳಲ್ಲಿ ಮುಂದುವರಿಯುವ ಮನಸ್ಸಿದ್ದರೆ ಹೆಚ್ಚಿನ ಹಣವನ್ನು ಅದಕ್ಕೆ ಕೊಡುವುದರಲ್ಲಿ ಅರ್ಥವಿದೆ. ಆದರೆ ಆರ್10 ಮತ್ತು ಕಿಟ್ ಲೆನ್ಸು ಕೊಳ್ಳುವುದೋ, ಆರ್50 ಮತ್ತು ಒಂದು ಒಳ್ಳೆಯ ಲೆನ್ಸು ಕೊಳ್ಳುವುದೋ ಎಂಬ ಆಯ್ಕೆ ಎದುರಾದರೆ ಎರಡನೆಯದೇ ಸರಿ ಎನ್ನುತ್ತೇನೆ. 2024ರ ನವೆಂಬರಿನಲ್ಲಿ ಬಂದ ನಿಕಾನ್ ಝಡ್50-2 ಕೈಗೆ ಹೆಚ್ಚು ಹೊಂದುತ್ತದೆ, ಹಿಡಿಕೆ ಆಳವಾಗಿದೆ, ಆದರೆ ಅರ್ಧ ಕಿಲೋಗಿಂತ ಭಾರ. ಸೋನಿ ಝಡ್‌ವಿ-ಇ10ರಲ್ಲಿ ವ್ಯೂಫೈಂಡರೇ ಇಲ್ಲ. ಬಿಸಿಲಿನಲ್ಲಿ ಪರದೆ ನೋಡಿಕೊಂಡು ಹಕ್ಕಿಯನ್ನು ಹಿಂಬಾಲಿಸಲು ಹೋದವರಿಗೆ ವ್ಯೂಫೈಂಡರಿನ ಬೆಲೆ ತಿಳಿಯುತ್ತದೆ.

ಲೆನ್ಸುಗಳ ಆಯ್ಕೆಯಲ್ಲಿ ಕ್ಯಾನನ್ ಬಹುಕಾಲ ಜಿಪುಣತನ ತೋರಿಸಿತು. ಈ ಕ್ಯಾಮೆರಾ ಬಂದಾಗ ಇದಕ್ಕೆ ಹೊಂದುವ ಪುಟ್ಟ, ಹೆಚ್ಚು ಬೆಳಕಿನ ಲೆನ್ಸುಗಳು ಕ್ಯಾನನ್ನಿನಲ್ಲೂ ಸಾಕಷ್ಟಿರಲಿಲ್ಲ, ಹೊರಗಿನ ಕಂಪನಿಗಳಿಗೂ ಬಾಗಿಲು ಮುಚ್ಚಿತ್ತು. 2024ರಲ್ಲಿ ಸಿಗ್ಮಾ ಮತ್ತು ಟ್ಯಾಮ್ರಾನ್ ಆರ್‌ಎಫ್ ಜೋಡಣೆಯ ಎಪಿಎಸ್-ಸಿ ಲೆನ್ಸುಗಳನ್ನು ಪ್ರಕಟಿಸಿದ ಮೇಲೆ ಆರ್50ಯ ಬಗೆಗಿನ ನನ್ನ ಅಭಿಪ್ರಾಯವೂ ಬದಲಾಯಿತು. ಸಿಗ್ಮಾದ 18-50 ಮಿ.ಮೀ. ಎಫ್/2.8 ಝೂಮ್ ಲೆನ್ಸು ಕಿಟ್ ಲೆನ್ಸಿನ ಕೆಲಸವನ್ನೆಲ್ಲ ಮಾಡುತ್ತ, ಉದ್ದದ ತುದಿಯಲ್ಲಿ ಅದಕ್ಕಿಂತ ಐದು ಪಟ್ಟು ಬೆಳಕು ಕೊಡುತ್ತದೆ. ಕಲ್ಯಾಣ ಮಂಟಪದ ಒಳಗೆ ಧಾರೆಯ ಹೊತ್ತಿನಲ್ಲಿ, ಫ್ಲ್ಯಾಶ್ ಹಾಕದೆ ತೆಗೆಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಈ ಕ್ಯಾಮೆರಾಕ್ಕೆ ಇಲ್ಲ. ಅದಲ್ಲದೆ ಅಡಾಪ್ಟರ್ ಹಾಕಿದರೆ ಕ್ಯಾನನ್ನಿನ ಹಳೆಯ ಡಿಎಸ್ಎಲ್ಆರ್ ಲೆನ್ಸುಗಳೆಲ್ಲ ಫೋಕಸ್ ಸಮೇತ ಇದರಲ್ಲಿ ಕೆಲಸ ಮಾಡುತ್ತವೆ. ಮಿರರ್‌ಲೆಸ್‌ಗೆ ಬದಲಾದ ಸ್ಟುಡಿಯೊದವರು ಮಾರುವ ಹಳೆಯ 85 ಮಿ.ಮೀ. ಎಫ್/1.8 ಲೆನ್ಸು ಸಿಕ್ಕರೆ ಬಿಡಬೇಡಿ. ಹಳೆಯ ಫ್ಲ್ಯಾಶ್ ಮಾತ್ರ ಹಾಗೆ ಹೊಂದುವುದಿಲ್ಲ. ಫ್ಲ್ಯಾಶ್ ಕೂರಿಸುವ ಶೂ ಹೊಸ ಬಗೆಯದಾಗಿರುವುದರಿಂದ ಅದಕ್ಕೆ ಪ್ರತ್ಯೇಕ ಅಡಾಪ್ಟರ್ ಬೇಕು.

ಕರಾವಳಿ ಮತ್ತು ಮಲೆನಾಡಿನವರಿಗೆ ಇನ್ನೊಂದು ಮಾತು. ಆರ್50ಗೆ ಮಳೆ, ಧೂಳಿನಿಂದ ರಕ್ಷಣೆ ನೀಡುವ ಸೀಲುಗಳಿಲ್ಲ. ಆಗುಂಬೆಯ ಮಳೆಯಲ್ಲಿ ಇದನ್ನು ಹೊರತೆಗೆಯುವುದಾದರೆ ಮೇಲೊಂದು ಹೊದಿಕೆ ಬೇಕೇಬೇಕು. ಅದಕ್ಕಿಂತ ದೊಡ್ಡ ಶತ್ರು ಮನೆಯ ಕಪಾಟಿನೊಳಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯ ಬ್ಯಾಗಿನಲ್ಲಿ ಮುಚ್ಚಿಟ್ಟ ಲೆನ್ಸಿನ ಒಳಗಾಜಿಗೆ ಬೂಷ್ಟು ಹಿಡಿದರೆ ಅದನ್ನು ಬಿಚ್ಚಿ ತೊಳೆಸುವ ಖರ್ಚು ಕೆಲವೊಮ್ಮೆ ಲೆನ್ಸಿನ ಬೆಲೆಯ ಹತ್ತಿರ ಬರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕ ಇಷ್ಟನ್ನು ಕ್ಯಾಮೆರಾ ಕೊಂಡ ದಿನವೇ ಕೊಳ್ಳಬೇಕು. ಲೆನ್ಸುಗಳು ಹೆಚ್ಚಾದರೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳುವುದು ಒಳ್ಳೆಯದು.

ಕೊಳ್ಳುವ ಮೊದಲು ಸಾಧ್ಯವಾದರೆ ಬಾಡಿಗೆಗೆ ತಂದು ನೋಡಿ. ಬೆಂಗಳೂರಿನಲ್ಲಿ ಬಾಡಿಯನ್ನೂ ಲೆನ್ಸನ್ನೂ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರು ಅನೇಕರಿದ್ದಾರೆ. ಒಂದು ಶನಿವಾರ ರಾತ್ರಿಯ ಯಕ್ಷಗಾನದ ಆಟಕ್ಕೆ ಆರ್50 ಮತ್ತು 50 ಮಿ.ಮೀ. ಲೆನ್ಸನ್ನು ಒಯ್ದರೆ ಇಷ್ಟುದ್ದದ ಬರಹ ಓದಿ ತಿಳಿಯುವುದಕ್ಕಿಂತ ಹೆಚ್ಚು ತಿಳಿಯುತ್ತದೆ. ಆಮೇಲೆ ಕೊಳ್ಳುವಾಗ ಹೆಚ್ಚುವರಿ ಎಲ್‌ಪಿ-ಇ17 ಬ್ಯಾಟರಿಯೊಂದನ್ನು ಸೇರಿಸಿಕೊಳ್ಳಿ, ಇಡೀ ರಾತ್ರಿಗೆ ಒಂದೇ ಬ್ಯಾಟರಿ ಸಾಲದು. ಅಂಗಡಿಯವರು ಉಚಿತವೆಂದು ಕೊಡುವ ಬ್ಯಾಗು, ಟ್ರೈಪಾಡುಗಳಿಗೆ ಮರುಳಾಗುವ ಬದಲು ಅದೇ ಮೊತ್ತವನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಆ ಟ್ರೈಪಾಡುಗಳು ಹೆಚ್ಚಾಗಿ ಫೋನಿಗಷ್ಟೇ ಲಾಯಕ್ಕು. ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ಅದು ಹೊರದೇಶದಿಂದ ಅಧಿಕೃತವಲ್ಲದ ದಾರಿಯಲ್ಲಿ ಬಂದ ಮಾಲಾಗಿರಬಹುದು, ಆಗ ಭಾರತದ ವಾರಂಟಿ ಸಿಗದು. ಜಿಎಸ್‌ಟಿ ಸಹಿತವಾದ ಬಿಲ್ಲಿನಲ್ಲಿ ಬಾಡಿಯ ಮತ್ತು ಲೆನ್ಸಿನ ಸೀರಿಯಲ್ ನಂಬರುಗಳು ಎರಡೂ ನಮೂದಾಗಿವೆಯೇ, ಅವು ಪೆಟ್ಟಿಗೆಯ ಮೇಲಿನವಕ್ಕೂ ಕ್ಯಾಮೆರಾ, ಲೆನ್ಸುಗಳ ಮೇಲಿನವಕ್ಕೂ ತಾಳೆಯಾಗುತ್ತವೆಯೇ ಎಂದು ಅಂಗಡಿಯಲ್ಲೇ ನಿಂತು ನೋಡಿ, ಆಮೇಲೆ ಹಣ ಕೊಡಿ.